ಹಂಸರಾಜನಿಗೆ ನೀರು ಹಾಕಿದವರು

ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ಮರಳುವವರನ್ನು ಕಂಡು ನಗುವವರು ಪುಣ್ಯವಂತರು. ನನ್ನ ಸ್ಥಿತಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು. ನಾನು ಮರಳಿ ಬಂದು, ಬೀಗ ಹಾಕಿರುವುದನ್ನು ಕಣ್ಣಾರೆ ಕಂಡು, ಅದು ಸರಿಯಾಗಿ ಬಿದ್ದಿದೆಯೋ ಇಲ್ಲವೋ ಎಂದು ತೆಗೆದು ನೋಡಿ, ಮತ್ತೆ ಹಾಕಿ, ಬಸ್ ಸ್ಟಾಪಿಗೆ ಬಂದ ಮೇಲೆ ಎರಡನೆಯ ಸಲ ಹಾಕಿದೆನೋ ಇಲ್ಲವೋ ಎಂದು ಯೋಚಿಸುತ್ತ ನಿಲ್ಲುವ ಮನುಷ್ಯ. ಇದನ್ನು ಕಾಯಿಲೆ ಎನ್ನುವ ಹಾಗಿಲ್ಲ; ಇದು ನನ್ನ ಹೊಟ್ಟೆಪಾಡು. ವಿಲೆ ಪಾರ್ಲೆಯ ಒಂದು ಕಾಲೇಜಿನಲ್ಲಿ ನಾನು ತರ್ಕಶಾಸ್ತ್ರ ಕಲಿಸುತ್ತೇನೆ. ಧಾರವಾಡದಲ್ಲಿ ಎಂ.ಎ. ಓದುವಾಗ ನಮ್ಮ ಗುರುಗಳು, ಕಂಡದ್ದನ್ನು ನಂಬಬೇಡ, ಕೇಳಿದ್ದನ್ನು ನಂಬಬೇಡ, ನೆನಪಿನಲ್ಲಿರುವುದನ್ನಂತೂ ನಂಬಲೇಬೇಡ ಎಂದು ಹೇಳಿಕೊಟ್ಟಿದ್ದರು. ಹಾಗೆ ಹೇಳಿದ್ದು ಅವರೇ ಎಂದು ನನ್ನ ನೆನಪು.

ಸಂಶಯ ತರಗತಿಯಲ್ಲಿ ಆಭರಣ. ಮನೆಯಲ್ಲಿ ಅದು ಚೆಲ್ಲಿದ ಸೀಮೆಎಣ್ಣೆ. ಎಲ್ಲಿ ಚೆಲ್ಲಿತೆಂದು ಗೊತ್ತಾಗುವುದಿಲ್ಲ, ಅನ್ನಕ್ಕೂ ವಾಸನೆ ಬರುತ್ತದೆ. ನನ್ನ ಸಂಸಾರಕ್ಕೆ ಈ ವಾಸನೆ ಹತ್ತಿದ್ದು ಒಂದು ಜರೀಗಿಡದ ದೆಸೆಯಿಂದ. ಹೇಳಿದರೆ ನೀವು ನಗುತ್ತೀರಿ. ನಗಿ, ನನಗೇನೂ ಬೇಸರವಿಲ್ಲ. ನನ್ನ ವಿದ್ಯಾರ್ಥಿಗಳೂ ನಗುತ್ತಾರೆ. ಆದರೆ ನನ್ನ ಹೆಂಡತಿ ಶಾಂತಾ ಈಗ ಗದಗಿನ ತವರಿನಲ್ಲಿದ್ದಾಳೆ, ನಾನು ಆಂಟಾಪ್ ಹಿಲ್‌ನಲ್ಲಿ ಅವಲಕ್ಕಿ ನೆನೆಹಾಕಿಕೊಂಡು ತಿನ್ನುತ್ತಿದ್ದೇನೆ ಎಂಬುದು ಮಾತ್ರ ನನ್ನಂಥವನೂ ಸಂಶಯಪಡಲಾಗದ ಸಂಗತಿ.

ನಮ್ಮದು ಗ್ಯಾಲರಿಯುದ್ದಕ್ಕೂ ಸಾಲಾಗಿ ಬಾಗಿಲುಗಳಿರುವ ಹಳೆಯ ಬಿಲ್ಡಿಂಗು. ಎರಡನೆಯ ಮಾಳಿಗೆಯಲ್ಲಿ ನಮ್ಮವೆರಡು ಕೋಣೆ, ಪಕ್ಕದಲ್ಲಿ ಶೀನಪ್ಪನವರವು ಎರಡು ಕೋಣೆ, ನಡುವೆ ಒಂದೇ ಗೋಡೆ. ಆ ಗೋಡೆಯ ನಮ್ಮ ಮಗ್ಗುಲಲ್ಲಿ, ಹಿಂದಿನ ಕಿಟಕಿಯ ಪಕ್ಕಕ್ಕೆ, ಯಾವ ಕಾಲದಲ್ಲೋ ದೀಪ ಇಡಲು ಬಿಟ್ಟ ಒಂದು ಗೂಡಿದೆ. ಗೂಡಿನಲ್ಲಿ ವನಸ್ಪತಿ ತುಪ್ಪದ ಖಾಲಿ ಡಬ್ಬ, ಡಬ್ಬದ ತಳಕ್ಕೆ ಮೊಳೆಯಿಂದ ಹೊಡೆದ ತೂತು, ಡಬ್ಬದ ತುಂಬ ಗಿಡ. ಗಿಡ ಡಬ್ಬದಲ್ಲಿ ಮಾತ್ರ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅದು ಡಬ್ಬದ ಕೆಳಗೆ ಗೋಡೆಯ ಬಿರುಕಿನಲ್ಲೂ ಇತ್ತು. ಡಬ್ಬದ್ದು ತಾಯಿ, ಬಿರುಕಿನದು ಮಗಳೋ, ಬಿರುಕಿನದೇ ತಾಯಿಯೋ, ನೋಡಿ ಹೇಳುವಂತಿರಲಿಲ್ಲ.

ಇಂಗ್ಲಿಷರು ಇದನ್ನು ಕನ್ಯೆಯ ಕೂದಲು ಎನ್ನುತ್ತಾರಂತೆ. ಮರಾಠಿಯವರಿಗೆ ಇದು ಹಂಸರಾಜ. ಕಡ್ಡಿಗಳು ಕರಿಯ ತಂತಿಯಷ್ಟು ತೆಳು, ಈಗ ತಾನೇ ಎಣ್ಣೆ ಸವರಿದಂಥ ಹೊಳಪು. ಕಡ್ಡಿಯ ಎರಡೂ ಮಗ್ಗುಲಿಗೆ ಬೊಂಬೆಯ ಕೈಗೆ ಕೊಡಬಹುದಾದಂಥ ಹಸಿರು ಬೀಸಣಿಗೆಗಳು. ಹೂವಿಲ್ಲ, ಕಾಯಿಲ್ಲ, ಬೀಜವಿಲ್ಲ. ಎಲೆಯ ಅಂಚನ್ನು ಸೆರಗಿನ ಹಾಗೆ ಒಳಕ್ಕೆ ಮಡಿಸಿ, ಅದರಡಿಯಲ್ಲಿ ಒಂದಿಷ್ಟು ಕಂದು ಹುಡಿಯನ್ನು ಬಚ್ಚಿಟ್ಟುಕೊಂಡಿರುತ್ತದೆ. ಅದೇ ಅದರ ವಂಶಾಭಿವೃದ್ಧಿಯ ಬಂಡವಾಳ. ಚಿಗುರು ಹುಟ್ಟುವಾಗ ಚಕ್ಕುಲಿಯಂತೆ ಸುತ್ತಿಕೊಂಡಿದ್ದು, ಲೋಕ ಸುರಕ್ಷಿತವೋ ಇಲ್ಲವೋ ಎಂದು ನೋಡಿಕೊಂಡು ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ಶೀನಪ್ಪನವರ ಹೆಂಡತಿ ಗಿರಿಜಕ್ಕ ಇದರ ಇಂಗ್ಲಿಷ್ ಹೆಸರಿನ ಅರ್ಥ ಕೇಳಿದ ದಿನ, "ಹಾಗಾದ್ರೆ ಎಣ್ಣೆಗೆ ಹಾಕಿ ಕಾಯಿಸಿದ್ರೆ ಕೂದಲು ಬರ್ತದಾ ಮಾಷ್ಟ್ರೆ?" ಎಂದು ಕೇಳಿದ್ದರು. ಆಮೇಲೆ ನನ್ನ ತಲೆಯ ಕಡೆ ನೋಡಿ, ಮನೆಯಲ್ಲೇ ಗಿಡ ಇಟ್ಟುಕೊಂಡವನ ಗತಿ ಕಂಡು, ಪ್ರಶ್ನೆಯನ್ನು ತಾವೇ ಹಿಂದಕ್ಕೆ ತೆಗೆದುಕೊಂಡರು.

ಗಿಡದ ಸ್ವಭಾವವನ್ನು ನನಗೆ ವಿವರಿಸಿದವರು ನಮ್ಮ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಜೋಗಳೇಕರರು. ಬಿಸಿಲು ಬಿದ್ದರೆ ಸುಡುತ್ತದೆ, ಫ್ಯಾನಿನ ಗಾಳಿ ತಾಗಿದರೆ ಮುದುಡುತ್ತದೆ, ಜಾಗ ಬದಲಾಯಿಸಿದರೆ ಮುನಿಯುತ್ತದೆ, ಒಂದೇ ಒಂದು ದಿನ ಬೇರು ಒಣಗಿದರೆ ಕಾಗದದಂತೆ ಗರಿಗರಿಯಾಗಿ ಕೂತುಬಿಡುತ್ತದೆ. "ರುಸೂನ್ ಬಸತೋ," ಮುನಿಸಿಕೊಂಡು ಕೂಡುತ್ತದೆ, ಎಂದರು ಅವರು, ಹಬ್ಬಕ್ಕೆ ಬಂದ ಅಳಿಯನ ಬಗ್ಗೆ ಹೇಳುವ ಧಾಟಿಯಲ್ಲಿ. ಎಲ್ಲಕ್ಕಿಂತ ವಿಚಿತ್ರ ಗುಣ ಇನ್ನೊಂದು: ನೀರಿಲ್ಲದೆ ಒಂದು ದಿನ ಬದುಕದ ಈ ಗಿಡದ ಎಲೆಗೆ ನೀರು ಅಂಟುವುದೇ ಇಲ್ಲ. ಬಕೆಟ್ಟಿನಲ್ಲಿ ಅದ್ದಿ ತೆಗೆಯಿರಿ, ಹನಿಗಳು ಉರುಳಿ ಹೋಗಿ ಎಲೆ ಇಸ್ತ್ರಿ ಮಾಡಿದಷ್ಟು ಒಣಗಿರುತ್ತದೆ. ಅದರ ಶಾಸ್ತ್ರೀಯ ಹೆಸರಿನ ಅರ್ಥವೇ ಒದ್ದೆಯಾಗದ್ದು ಎಂದಂತೆ. ಇದನ್ನು ನಾನು ಮನೆಗೆ ಬಂದು ಉತ್ಸಾಹದಿಂದ ಶಾಂತಾಗೆ ಹೇಳಿದೆ. ಅವಳು ಜೋಳದ ಹಿಟ್ಟು ನಾದುತ್ತ ತಲೆ ಎತ್ತದೆ ಅಂದಳು: "ಥೇಟ್ ನಿಮ್ಮ ಹಾಂಗ. ಎಷ್ಟು ಸುರುವಿದ್ರೂ ಹತ್ತೂದಿಲ್ಲ, ಒಂದಿನಾ ತಪ್ಪಿದ್ರ ಒಣಗಿ ಹೋಗ್ತೀರಿ."

ಇನ್ನು ಆ ಗಿಡ ನಮ್ಮ ಮನೆಗೆ ಬಂದ ಬಗೆ. ನನ್ನ ತಲೆಯಲ್ಲಿ ಇದರ ಎರಡು ಚಿತ್ರಗಳಿವೆ, ಎರಡೂ ಅಷ್ಟೇ ಸ್ಪಷ್ಟ. ಒಂದರಲ್ಲಿ, ಖಂಡಾಲಾದ ಪಿಕ್‌ನಿಕ್ಕಿನಿಂದ ಮರಳುವಾಗ ಜೋಗಳೇಕರರು ಬಂಡೆಯ ಸಂದಿಯಿಂದ ಒಂದು ಕಂತೆ ಕಿತ್ತು ಕೊಡುತ್ತಾರೆ. ನಾನು ಅದನ್ನು ಒದ್ದೆ ಕರವಸ್ತ್ರದಲ್ಲಿ ಸುತ್ತಿ, ಲೋಕಲಿನ ನೂಕುನುಗ್ಗಲಿನಲ್ಲಿ ತಲೆಯ ಮೇಲೆ ಎತ್ತಿ ಹಿಡಿದು ತಂದು, ಡಬ್ಬದಲ್ಲಿ ನೆಡುತ್ತೇನೆ. ಇನ್ನೊಂದರಲ್ಲಿ, ಒಂದು ಮಳೆಗಾಲದ ಬೆಳಿಗ್ಗೆ ಶಾಂತಾ ಗೋಡೆಯ ಬಿರುಕಿನಲ್ಲಿ ಕರಿಯ ಎಳೆಯೊಂದನ್ನು ಕಂಡು, ಕೂದಲು ಅಂಟಿಕೊಂಡಿದೆಯೆಂದು ಎಳೆಯಲು ಹೋಗಿ, "ಅಯ್ಯ, ಇದಕ್ಕ ಜೀವ ಅದರಿ!" ಎಂದು ಕೂಗುತ್ತಾಳೆ, ಅದರ ಮರಿಯೊಂದನ್ನು ಆಮೇಲೆ ಡಬ್ಬಕ್ಕೆ ಹಾಕುತ್ತೇವೆ. ಮೊದಲನೆಯ ಚಿತ್ರದ ಮೇಲೆ ನನಗೊಂದು ಬಲವಾದ ಆಕ್ಷೇಪವಿದೆ. ಅದರಲ್ಲಿ ಲೋಕಲಿನಲ್ಲಿ ನಿಂತಿರುವ ನನ್ನನ್ನು ನಾನು ಹಿಂದಿನಿಂದ ನೋಡುತ್ತಿದ್ದೇನೆ, ನೆತ್ತಿಯ ಬೋಳಿನ ಸಮೇತ. ಯಾವ ಮನುಷ್ಯನೂ ತನ್ನ ಬೋಳನ್ನು ತಾನು ಹಿಂದಿನಿಂದ ನೋಡಿರಲಾರ. ಹಾಗಾಗಿ ಅದು ಕಟ್ಟುಕಥೆ ಇರಬೇಕು. ಆದರೆ ಎರಡನೆಯ ಚಿತ್ರದಲ್ಲಿ ಶಾಂತಾ ಉಟ್ಟ ಸೀರೆ ಆ ಮಳೆಗಾಲ ಕಳೆದ ಮೇಲೆ ಕೊಂಡದ್ದು. ಜೋಗಳೇಕರರನ್ನೇ ಕೇಳಿದೆ. "ಮೀ ಸಗಳ್ಯಾಂನಾಚ್ ದೇತೋ. ದಿಲಾ ಅಸೇನ್," ಎಂದರು. ಎಲ್ಲರಿಗೂ ಕೊಡುತ್ತೇನೆ, ಕೊಟ್ಟಿರಬಹುದು. ಜೊತೆಗೆ, ಮುಂಬಯಿಯ ಯಾವ ಒದ್ದೆ ಗೋಡೆಯಲ್ಲಾದರೂ ಅದು ತಾನಾಗಿಯೂ ಬರುತ್ತದೆ ಎಂದು ಸೇರಿಸಿ ನನ್ನನ್ನು ಮೊದಲಿದ್ದಲ್ಲೇ ಬಿಟ್ಟರು.

ಇದು ಇಷ್ಟರಲ್ಲೇ ಮುಗಿಯಬಹುದಾದ ಪಂಡಿತರ ಚರ್ಚೆ. ಮುಗಿಯಲಿಲ್ಲ, ಯಾಕೆಂದರೆ ಗೋಡೆ ಒದ್ದೆಯಾಗಿತ್ತು. ಗೂಡಿನ ಕೆಳಗೆ ಅಂಗೈಯಗಲ ಇದ್ದ ಕಲೆ ವರ್ಷದೊಳಗೆ ಹಾಸಿಗೆಯಗಲ ಆಯಿತು. ಸುಣ್ಣ ಉದುರಿತು, ಬೂಷ್ಟು ಹಿಡಿಯಿತು. ಅದರ ಪಕ್ಕದಲ್ಲೇ ಮಲಗುವ ಶಾಂತಾಗೆ ಮೊದಲಿನಿಂದಲೂ ಇದ್ದ ಸಣ್ಣ ದಮ್ಮು ದೊಡ್ಡದಾಯಿತು. ಉಸಿರೆಳೆದಾಗ ಎದೆಯೊಳಗೆ ಹಳೆಯ ಹಾರ್ಮೋನಿಯಮ್ಮಿನ ತಿದಿ ಕೊಯ್ಯೆನ್ನುವ ಸದ್ದು. ಬೀದಿ ಮೂಲೆಯ ಸಿಂಧಿ ಡಾಕ್ಟರು ಎದೆಗೆ ನಳಿಗೆ ಇಟ್ಟು ನೋಡಿ, ನಮ್ಮ ಮನೆಯ ಬಗ್ಗೆ ವಿಚಾರಿಸಿ, ಔಷಧಿಗಿಂತ ಮೊದಲು ತೀರ್ಪು ಕೊಟ್ಟರು: "ಮಾಸ್ಟರ್‌ಜೀ, ಯಾ ತೋ ದೀವಾರ್ ಸುಖಾವೋ, ಯಾ ಬಾಯೀ ಕೋ ಗಾಂವ್ ಭೇಜೋ." ಗೋಡೆ ಒಣಗಿಸಿ, ಇಲ್ಲವೇ ಹೆಂಡತಿಯನ್ನು ಊರಿಗೆ ಕಳಿಸಿ, ಇನ್ನೊಂದು ಮಳೆಗಾಲ ಈ ಗೋಡೆಯ ಪಕ್ಕ ಬೇಡ. ಶಾಂತಾಗೆ ಹೋಗುವ ಮನಸ್ಸಿರಲಿಲ್ಲ. "ತವರಮನಿಗೆ ಹಬ್ಬಕ್ಕ ಹೋಗಬೇಕು, ದಮ್ಮು ಹೊತಗೊಂಡು ಹೋಗಬಾರದು. ಅತ್ತಿಗೆ ಬಾಯಿ ನಿಮಗ ಗೊತ್ತಿಲ್ಲ," ಅಂದಳು.

ಗೋಡೆಯ ಆಚೆ ಮಗ್ಗುಲಿಗೆ ಶೀನಪ್ಪನವರ ಮೋರಿ. ಮುಂಬಯಿಯಲ್ಲಿ ಮೋರಿ ಎಂದರೆ ಬೀದಿಯ ಚರಂಡಿಯಲ್ಲ. ಕೋಣೆಯ ಮೂಲೆಯಲ್ಲಿ ಗೇಣೆತ್ತರದ ಕಟ್ಟೆ ಕಟ್ಟಿಕೊಂಡು ಸ್ನಾನ, ಪಾತ್ರೆ, ಬಟ್ಟೆ ಎಲ್ಲವನ್ನೂ ಪೂರೈಸುವ ಜಾಗ. ನೀರು ಅಲ್ಲಿಂದಲೇ ಬರುತ್ತಿದೆ ಎಂಬುದು ನನಗೆ ಸಹಜವಾಗಿ ತೋರಿತು. ಶೀನಪ್ಪನವರು ಉಡುಪಿ ಕಡೆಯವರು, ಮಾಟುಂಗಾದ ಹೊಟೇಲೊಂದರಲ್ಲಿ ಗಲ್ಲಾದ ಮೇಲೆ ಕೂಡುತ್ತಾರೆ. ಸಂಜೆ ಬರುವಾಗ ಎಲೆಯಲ್ಲಿ ಕಟ್ಟಿದ ಬಿಸಿ ಗೋಳಿಬಜೆ ನಮ್ಮ ಬಾಗಿಲಿಗೂ ಒಂದು ಪೊಟ್ಟಣ ಬರುತ್ತಿತ್ತು. ಹೀಗಾಗಿ ನಾನು ಗೋಳಿಬಜೆ ತಿಂದು ಕೈ ತೊಳೆದ ಮೇಲೆ, ಅತ್ಯಂತ ವಿನಯದಿಂದ ಮೋರಿಯ ಮಾತೆತ್ತಿದೆ.

"ನಮ್ಮ ಮೋರಿಯಾ? ಎಂತ ಹೇಳ್ತೀರಿ ಮಾರಾಯ್ರೆ! ಅದಕ್ಕೆ ಸಿಮೆಂಟು ಹಾಕಿಸಿ, ಟೈಲ್ಸ್ ಕೂರಿಸಿ ವರ್ಷ ಆಗ್ಲಿಲ್ಲ," ಎಂದರು ಶೀನಪ್ಪನವರು. "ನೀರು ನಿಮ್ಮ ಗಿಡದ್ದೇ. ನೀವು ಡಬ್ಬಕ್ಕೆ ಹಾಕುದು, ಅದು ಗೋಡೆ ಕುಡಿಯುದು. ಗಿಡ ತೆಗೆದ್ರೆ ಗೋಡೆ ಒಣಗ್ತದೆ."

"ಶೀನಪ್ಪನವರ, ಗೋಡಿ ಒದ್ದಿ ಇತ್ತು ಅಂತs ಗಿಡಾ ಬಂತು. ಗಿಡಾ ಬಂತು ಅಂತ ಗೋಡಿ ಒದ್ದಿ ಆಗಲಿಲ್ಲ."

"ಗಿಡ ನೀವೇ ತಂದದ್ದಲ್ವಾ? ಖಂಡಾಲಾದಿಂದ? ನೀವೇ ಹೇಳಿದ್ದು ಅಂತ ನನಗೆ ನೆನಪುಂಟು."

ನಾನು ಹೇಳಿರಬಹುದು. ಹೇಳಿದ್ದು ಚಿತ್ರ ಒಂದರ ಪ್ರಭಾವದಲ್ಲಿದ್ದಾಗ ಇರಬಹುದು. ಮೋರಿ ಒಡೆಸುವುದು ಅವರಿಗೂ ಸಣ್ಣ ಮಾತಾಗಿರಲಿಲ್ಲ. ದೊಡ್ಡ ಮಗಳನ್ನು ನೋಡಲು ಆ ಬೇಸಿಗೆಯಲ್ಲಿ ಊರಿನಿಂದ ಗಂಡಿನ ಕಡೆಯವರು ಬಂದು ಅವರಲ್ಲೇ ಇಳಿಯುವವರಿದ್ದರು. ಬೀಗರಾಗುವವರನ್ನು ಕೆಳಗಿನ ಸಾರ್ವಜನಿಕ ನಲ್ಲಿಗೆ ಸ್ನಾನಕ್ಕೆ ಕಳಿಸುವುದು ಹೇಗೆ? ಹಾಗಾದರೆ ಗಿಡವನ್ನೇ ತೆಗೆದುಬಿಡೋಣವೆಂದು ನಾನು ಶಾಂತಾಗೆ ಹೇಳಿದೆ. ಅವಳು ಗೂಡಿಗೆ ಅಡ್ಡ ನಿಂತಳು. "ಈ ಮನ್ಯಾಗ ನಾ ಒಂದು ಮಾತು ಹೇಳಿದ್ರ ಹೌದೋ ಅಲ್ಲೋ ಅಂತ ವಾದಾ ಮಾಡದೆ ಕೇಳೂದು ಅದೊಂದs. ಅದನ್ನ ಮುಟ್ಟಬ್ಯಾಡ್ರಿ. ಮೋರಿ ನೀರು ಯಾರದು, ಕೊಲ್ಲೂದು ಯಾರನ್ನ?"

ನಮ್ಮ ಬಿಲ್ಡಿಂಗಿನಲ್ಲಿ ಇಂಥ ವ್ಯಾಜ್ಯಗಳಿಗೆ ಒಂದು ಪದ್ಧತಿಯಿದೆ. ಕೋರ್ಟಿಲ್ಲ, ಕಾಗದವಿಲ್ಲ. ಮೆಟ್ಟಿಲ ಬುಡದಲ್ಲಿ ಗಣಪತಿಯ ದೊಡ್ಡ ಪಟವಿದೆ. ರವಿವಾರ ಬೆಳಿಗ್ಗೆ ಅದರ ಮುಂದೆ ಕಮಿಟಿ ಕೂಡುತ್ತದೆ, ಒಂದು ತೆಂಗಿನಕಾಯಿ ಇಡುತ್ತಾರೆ. ದೂರು ಕೊಟ್ಟವನು ಕಾಯಿಯ ಮೇಲೆ ಕೈ ಇಟ್ಟು ನಡೆದದ್ದನ್ನು ಒಂದು ಮಾತಿನಲ್ಲಿ ಹೇಳಬೇಕು. ಹೇಳಿದರೆ ಮುಗಿಯಿತು, ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಆಮೇಲೆ ಕಾಯಿ ಒಡೆದು ಎಲ್ಲರಿಗೂ ಚೂರು ಹಂಚುತ್ತಾರೆ, ಸೋತವನಿಗೆ ಮೊದಲು. ಜಗಳಗಂಟರೂ ಕಾಯಿಯ ಮೇಲೆ ಕೈ ಇಟ್ಟು ಸುಳ್ಳು ಹೇಳಿದ್ದನ್ನು ನಾನು ಕಾಣೆ. ಕಂಡಿದ್ದರೂ ಮರೆತಿರಬಹುದು.

ಕಮಿಟಿಯ ಹಿರಿಯರಾದ ಅಪ್ಪಾಸಾಹೇಬರು ಮಿಲ್ಲಿನಿಂದ ನಿವೃತ್ತರಾದವರು, ಮಾತು ಕಡಿಮೆ. ಎರಡೂ ಕಡೆ ಕೇಳಿ ಅವರು ವಿಷಯವನ್ನು ನಾಜೂಕಾಗಿ ಸುಲಿದು ಮುಂದಿಟ್ಟರು. ಗಿಡ ತಾನಾಗಿ ಗೋಡೆಯಲ್ಲಿ ಬಂದಿದ್ದರೆ ಒದ್ದೆ ಮೊದಲಿನಿಂದ ಇತ್ತು, ಶೀನಪ್ಪನದು ತಪ್ಪು. ಗಿಡ ಮಾಸ್ತರು ತಂದು ನೆಟ್ಟದ್ದಾದರೆ ಒದ್ದೆ ಆಮೇಲೆ ಬಂದದ್ದು, ಮಾಸ್ತರದು ತಪ್ಪು. "ಮಾಸ್ತರ್, ಏಕ್ ಶಬ್ದ್ ಸಾಂಗಾ. ಝಾಡ್ ಆಪೋಆಪ್ ಆಲಂ, ಕೀ ತುಮ್ಹೀ ಲಾವಲಂ?" ತಾನಾಗಿ ಬಂತೋ, ನೀವು ನೆಟ್ಟಿರೋ?

ಆಗ ಶೀನಪ್ಪನವರು ಎಲ್ಲರೆದುರು ಒಂದು ಮಾತು ಹೇಳಿದರು. "ಮಾಷ್ಟ್ರು ಕಲಿತವರು, ಸುಳ್ಳು ಹೇಳುವ ಜನ ಅಲ್ಲ. ತಾನಾಗಿ ಬಂತು ಅಂತ ಅವರೊಂದು ಹೇಳ್ಲಿ. ನಾನು ನಾಳೆಯೇ ಮೋರಿ ಒಡೆಸ್ತೇನೆ. ಬೀಗರು ಬರ್ಲಿ, ಯಾರೇ ಬರ್ಲಿ."

ಇದಕ್ಕಿಂತ ಸುಲಭದ ಪರೀಕ್ಷೆಯನ್ನು ಯಾವ ವಿಶ್ವವಿದ್ಯಾಲಯವೂ ಇಟ್ಟಿರಲಾರದು. ಉತ್ತರ ಎರಡೇ ಪದ. ಮೆಟ್ಟಿಲ ಮೇಲಿನಿಂದ ಶಾಂತಾ ಸೆರಗು ಬಾಯಿಗೆ ಹಿಡಿದು ನೋಡುತ್ತಿದ್ದಳು. ನಾನು ಕಾಯಿಯ ಕಡೆಗೆ ಕೈ ಚಾಚಿದೆ. ಸರಿಯಾಗಿ ಆ ಗಳಿಗೆಯಲ್ಲಿ ಲೋಕಲಿನಲ್ಲಿ ಕರವಸ್ತ್ರ ಎತ್ತಿ ಹಿಡಿದ ಬೋಳುತಲೆಯ ಆ ಮನುಷ್ಯ ನನ್ನ ಕಣ್ಣ ಮುಂದೆ ಬಂದು ನಿಂತ. ನಾನು ಕೈ ಹಿಂದಕ್ಕೆ ತೆಗೆದುಕೊಂಡು, ನೆನಪು ಎಂದರೆ ಪೆಟ್ಟಿಗೆಯಲ್ಲಿಟ್ಟ ವಸ್ತುವಲ್ಲ, ತೆಗೆದಾಗಲೆಲ್ಲ ಹೊಸದಾಗಿ ಹೊಲಿದುಕೊಳ್ಳುವ ಅಂಗಿ ಎಂದು ಶುರು ಮಾಡಿದೆ. ಮರಾಠಿಯಲ್ಲಿ ನಾನು ಅಷ್ಟು ಚೆನ್ನಾಗಿ ಎಂದೂ ಮಾತಾಡಿರಲಿಲ್ಲ. ಮುಗಿಸುವಾಗ, "ತಾನಾಗಿ ಬಂದಿರುವ ಸಂಭವ ಇದೆ, ನಾನು ತಂದಿರುವ ಸಂಭವವೂ ಇದೆ," ಎಂದೆ. ಮೆಟ್ಟಿಲ ಮೇಲೆ ಯಾರೋ ಕೆಮ್ಮಿದರು. ಕೆಮ್ಮಿದ್ದು ಶಾಂತಾ.

ಅಪ್ಪಾಸಾಹೇಬರು ಕಾಯಿಯನ್ನು ಒಡೆಯದೆ ಎತ್ತಿಡಲು ಹೋದಾಗ ನನಗೊಂದು ಯುಕ್ತಿ ಹೊಳೆಯಿತು. ನೆನಪನ್ನು ನಂಬಲಾಗದಿದ್ದರೆ ಪ್ರಯೋಗವನ್ನು ನಂಬಬಹುದಲ್ಲ! ಈ ಗಿಡ ಒಂದು ದಿನ ನೀರಿಲ್ಲದೆ ಬದುಕುವುದಿಲ್ಲ. ಹದಿನೈದು ದಿನ ಯಾರೂ ಅದಕ್ಕೆ ನೀರು ಹಾಕಬಾರದು. ಒಣಗಿದರೆ ಅದು ನಾವು ಹಾಕಿದ ನೀರಿನಿಂದಲೇ ಬದುಕಿತ್ತು ಎಂದರ್ಥ. ಹಸಿರಾಗಿ ಉಳಿದರೆ ಗೋಡೆಯೇ ಅದಕ್ಕೆ ನೀರುಣಿಸುತ್ತಿದೆ, ಮೋರಿ ಸೋರುತ್ತಿದೆ. ಎಲ್ಲರೂ ತಲೆದೂಗಿದರು. ಶೀನಪ್ಪನವರು ಎದ್ದು ಬಂದು ಕಾಯಿಯ ಮೇಲೆ ಕೈ ಇಟ್ಟು, "ಹಸುರು ಉಳಿದ್ರೆ ಮೋರಿ ಒಡೆಸುದು ನಾನು," ಎಂದರು. ನನ್ನ ಕೈ ಜೇಬಿನಲ್ಲಿತ್ತು.

ಅವತ್ತು ಊಟಕ್ಕೆ ಬಡಿಸುವಾಗ ಶಾಂತಾ ಕೇಳಿದಳು: "ದೇವರ ಮ್ಯಾಲೆ ಸಂಶಯ ಇಟಗೋರಿ, ನಾ ಏನೂ ಅನ್ನೂದಿಲ್ಲ. ನಮ್ಮ ಗ್ವಾಡಿ ಮ್ಯಾಲೆ ಒಂದು ಮಾತು ಖಾತ್ರಿ ಹೇಳಲಿಕ್ಕೆ ಏನಾಗಿತ್ರಿ? ನಿಮ್ಮ ಎದಿ ಸದ್ದು ಮಾಡೂದಿಲ್ಲ, ಅದಕ್ಕ." ಸತ್ಯಕ್ಕೆ ಇರುವ ಬೆಲೆಯ ಬಗ್ಗೆ ನಾನು ಏನೋ ಹೇಳಿದೆ. ಅವಳು ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು, ಬಾಯಿ ಮುಚ್ಚಿಸಲಿಕ್ಕೆ.

ಪ್ರಯೋಗ ನಡೆಯಿತು. ನಾನು ಡಬ್ಬದ ಕಡೆಗೆ ಕೈ ಹಾಕಲಿಲ್ಲ. ಎಪ್ರಿಲ್ ತಿಂಗಳ ಸೆಕೆ, ಹಾಕಿದ ಅಂಗಿ ಬೆನ್ನಿಗಂಟುವ ಕಾಲ. ಗಿಡ ಒಣಗಲಿಲ್ಲ. ಒಣಗುವುದಿರಲಿ, ಹೊಸ ಚಕ್ಕುಲಿಗಳನ್ನು ಹೊರಡಿಸಿತು. ನಾನು ದಿನಾ ಸಂಜೆ ಕಾಲೇಜಿನಿಂದ ಬಂದು, ಚಪ್ಪಲಿ ಬಿಡುವ ಮೊದಲೇ ಅದನ್ನು ನೋಡಿ, ಮೈಯುಬ್ಬಿಸಿಕೊಳ್ಳುತ್ತಿದ್ದೆ. ಜೀವನದಲ್ಲಿ ಮೊದಲ ಸಲ ಒಂದು ವಿಷಯ ನನಗೆ ಖಂಡಿತವಾಗಿ ತಿಳಿದಿತ್ತು. ಆ ಸುಖ ಎಂಥದೆಂದು ಇದುವರೆಗೆ ಗೊತ್ತಿರಲಿಲ್ಲ. ಜನ ಯಾಕೆ ಮಠಗಳಿಗೆ ಹೋಗುತ್ತಾರೆಂದು ಅರ್ಥವಾಯಿತು. ಕಮಿಟಿ ಬಂದು ನೋಡಿತು, ಅಪ್ಪಾಸಾಹೇಬರು ಎಲೆ ಮುಟ್ಟಿ "ಹಿರವಾ," ಎಂದರು. ಹಸಿರು. ಕಾಯಿ ಒಡೆಯಿತು, ಮೊದಲ ಚೂರು ಶೀನಪ್ಪನವರಿಗೆ ಹೋಯಿತು.

ಅವರು ಗವಂಡಿಯನ್ನು ಕರೆಸಿದರು. ಹೊಸ ಟೈಲ್ಸ್ ಎದ್ದವು, ಸಿಮೆಂಟು ಎದ್ದಿತು, ನಡುವಿನ ಗೋಡೆಯ ಬುಡದವರೆಗೂ ಅಗೆದದ್ದಾಯಿತು. ಗಂಡಿನ ಕಡೆಯವರ ಬರವನ್ನು ಮುಂದಕ್ಕೆ ಹಾಕಿದ್ದರು. ಗಿರಿಜಕ್ಕ, ಹೆಣ್ಣುಮಕ್ಕಳು ಬಕೆಟ್ಟು ಹಿಡಿದುಕೊಂಡು ಯಾರ ಯಾರ ಮನೆಯ ಬಾಗಿಲಲ್ಲೋ ಸ್ನಾನಕ್ಕೆ ನಿಲ್ಲುತ್ತಿದ್ದರು. ನಮ್ಮ ಬಾಗಿಲಿಗೆ ಬರಲಿಲ್ಲ. ಕೊನೆಗೊಂದು ದಿನ ಶೀನಪ್ಪನವರು ಹಳೆಯ ಪೇಪರಿನಲ್ಲಿ ಒಂದು ಹಿಡಿ ಮಣ್ಣು ತಂದು ನನ್ನ ಮೇಜಿನ ಮೇಲೆ, ನಾನು ತಿದ್ದುತ್ತಿದ್ದ ಉತ್ತರಪತ್ರಿಕೆಗಳ ಪಕ್ಕದಲ್ಲಿ ಇಟ್ಟರು. "ಮೋರಿ ಅಡಿಯದ್ದು. ಮುಟ್ಟಿ ನೋಡಿ ಮಾಷ್ಟ್ರೆ." ಮುಟ್ಟಿದೆ. ಅವಲಕ್ಕಿ ಪುಡಿಯಷ್ಟು ಒಣಗಿತ್ತು. ಬೆರಳಿನಿಂದ ಹಾರಿಹೋಯಿತು.

ಅವರು ಹೋದ ಮೇಲೆ ನಾನು ಶಾಂತಾಳ ಮುಖ ನೋಡಿದೆ. ಅವಳು ಗೂಡಿನ ಕಡೆ ನೋಡುತ್ತಿದ್ದಳು.

"ನೀ ನೀರು ಹಾಕಿದ್ಯಾ?"

"ಹಾಕೀನಿ. ದಿನಾ ಮಧ್ಯಾಹ್ನ. ಒಂದು ಲೋಟ."

"ಯಾಕ?"

"ನೀವು ಹೇಳಲಿಲ್ಲ. ಅದಕ್ಕ ಗಿಡದ ಕಡೆಯಿಂದ ಹೇಳಿಸಿದೆ," ಅಂದಳು. ಆಮೇಲೆ ತುಸು ಉಸಿರು ಹಿಡಿದು, "ಅದು ಒಣಗೂದು ನನ್ನ ಕೈಲೆ ನೋಡಲಿಕ್ಕಾಗಲಿಲ್ಲ, ಅದೂ ಖರೇನ. ನೀರು ಅವರದು ಅಂತ ನಾ ನಂಬಿದ್ದೆ, ಅದೂ ಖರೇನ. ಒಂದು ಲೋಟದಲೆ ಎಂದಾದರೂ ಇಷ್ಟು ಗ್ವಾಡಿ ಒದ್ದಿ ಆಗ್ತದೇನ್ರಿ? ಪ್ರಯೋಗಕ್ಕ ಮೊದಲೂ ಮುಂಜಾನೆ ನಿಮ್ಮದೊಂದು ಲೋಟ, ಮಧ್ಯಾಹ್ನ ನನ್ನದೊಂದು," ಎಂದಳು. ಆಗುವುದಿಲ್ಲ ಎಂದು ನಾನೂ ಒಪ್ಪಿದೆ. ಎರಡು ಲೋಟ ನೀರಿಗೆ ಅಂಥ ಶಕ್ತಿ ಇಲ್ಲ.

ನಡೆದದ್ದನ್ನು ಶೀನಪ್ಪನವರಿಗೆ ಹೇಳಿಬಿಡುವುದು ನ್ಯಾಯವೆಂದು ಮಾರನೆಯ ದಿನ ಹೋದೆ. ಅವರು ಒಡೆದ ಮೋರಿಯ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದರು. ಅರ್ಧ ಹೇಳುವಷ್ಟರಲ್ಲಿ ಕೈ ಎತ್ತಿ ತಡೆದರು.

"ಗೊತ್ತುಂಟು. ಗಿರಿಜ ಹಿಂದಿನ ಕಿಟಕಿಯಲ್ಲಿ ಬಟ್ಟೆ ಹಾಕುವಾಗ ಕಂಡಿದ್ದಾಳೆ. ಶಾಂತಕ್ಕ ಲೋಟದಲ್ಲಿ ನೀರು ಹಾಕುದನ್ನು."

"ಮತ್ತ, ಯಾಕ ಒಡೆಸಿದ್ರಿ? ಅವತ್ತs ಹೇಳಬಾರದಾಗಿತ್ತ?"

"ದಮ್ಮು ಹಿಡಿದ ಹೆಂಗ್ಸು ಕದ್ದು ನೀರು ಹಾಕ್ತಾರೆ ಅಂತ ಗಣಪತಿ ಎದುರು ಹೇಳುದಾ?" ಎಂದರು ಶೀನಪ್ಪನವರು. "ಮತ್ತೆ ನಾನು ಮಾತು ಕೊಟ್ಟವ ಮಾಷ್ಟ್ರೆ. ಹಸುರು ಉಳಿದ್ರೆ ಒಡೆಸ್ತೇನೆ ಅಂದಿದ್ದೆ. ಉಳಿಯಿತು, ಒಡೆಸಿದೆ. ನೀವು ಮಾತೇ ಕೊಡ್ಲಿಲ್ಲ. ಹಾಗಾಗಿ ನಿಮ್ಮದೆಂತ ತಪ್ಪೂ ಇಲ್ಲ. ಹೋಗಿ."

ಜೀವನದಲ್ಲಿ ನನ್ನನ್ನು ನಿರಪರಾಧಿಯೆಂದು ಒಬ್ಬರು ಘೋಷಿಸಿದ್ದು ಅದೊಂದೇ ಸಲ. ಅಂದಿನಿಂದ ಗೋಳಿಬಜೆ ನಿಂತಿತು. ಮಾತೂ ನಿಂತಿತು. ಗ್ಯಾಲರಿಯಲ್ಲಿ ಎದುರಾದರೆ ಅವರು ಬದಿಗೆ ಸರಿದು ದಾರಿ ಬಿಡುತ್ತಾರೆ. ಅಷ್ಟು ಮರ್ಯಾದೆಯನ್ನು ನಾನು ನನ್ನ ಶತ್ರುವಿಗೂ ಬಯಸುವುದಿಲ್ಲ.

ಮಳೆ ಶುರುವಾಗುವ ಮೊದಲು ಗದಗಿನಿಂದ ಶಾಂತಾಳ ತಮ್ಮ ಬಂದು ಅವಳನ್ನು ಕರೆದುಕೊಂಡು ಹೋದ. ದಾದರಿನ ಪ್ಲಾಟ್‌ಫಾರ್ಮಿನಲ್ಲಿ ಅವಳು ಎರಡು ಮಾತು ಹೇಳಿದಳು. "ಗ್ವಾಡಿ ಒಣಗಿದ ಮ್ಯಾಲೆ ತಿಳಸ್ರಿ, ಬರ್ತೀನಿ." ಗಾಡಿ ಅಲುಗಿದ ಮೇಲೆ ಕಿಟಕಿಯಿಂದ, "ಅದಕ್ಕ ನೀರು ಹಾಕ್ರಿ. ಒಂದs ಸಲ!"

ಆ ಒಂದೇ ಸಲ ಎಂಬ ಮಾತಿನ ಅರ್ಥ ನನಗಾಗ ಹೊಳೆಯಲಿಲ್ಲ. ಅವಳಿದ್ದಾಗ ಬೆಳಿಗ್ಗೆ ನಾನು ಲೋಟ ಹಿಡಿದು ಗೂಡಿನ ಕಡೆ ಹೊರಟರೆ ಒಲೆಯ ಮುಂದಿನಿಂದ ಒಮ್ಮೊಮ್ಮೆ ಒಂದು ದನಿ ಬರುತ್ತಿತ್ತು: "ಆಗಲೇ ಹಾಕೀರಿ, ನಡೀರಿ." ಬಸ್ ಸ್ಟಾಪಿನಿಂದ ವಾಪಸು ಬಂದರೂ ಅದೇ ದನಿ: "ಹಾಕೀರಿ, ನಡೀರಿ." ಅವಳು ನಲ್ಲಿಯ ಹತ್ತಿರ ನೀರು ತುಂಬಲು ಹೋಗಿದ್ದರೆ ದನಿ ಬರುತ್ತಿರಲಿಲ್ಲ, ನಾನು ಆಗ ಏನು ಮಾಡುತ್ತಿದ್ದೆನೆಂದು ನೋಡಿದವರಿಲ್ಲ, ನನ್ನನ್ನೂ ಸೇರಿಸಿ. ಮಳೆ ಮುಗಿಯಿತು. ದೀಪಾವಳಿ ಬಂತು. ಸಾಲಿನ ಎಲ್ಲರ ಗೋಡೆಗಳೂ ಒಣಗಿ ಸುಣ್ಣ ಕಂಡವು. ಶೀನಪ್ಪನವರ ಮೋರಿಗೆ ಮತ್ತೆ ಟೈಲ್ಸ್ ಬಂದು, ಬೀಗರೂ ಬಂದು ಹೋದರು. ನಮ್ಮ ಗೋಡೆ ಮಾತ್ರ ಶಾಂತಾ ಇದ್ದಾಗಿನದಕ್ಕಿಂತ ಹೆಚ್ಚು ಒದ್ದೆಯಾಯಿತು. ಕಲೆ ಈಗ ಛತ್ತಿನತ್ತ ಹೊರಟಿದೆ. ಗಿಡ ಹುಲುಸಾಗಿ ಕಿಟಕಿಯ ಸರಳು ಹಿಡಿದಿದೆ.

ಮೊನ್ನೆ ಬೆಳಿಗ್ಗೆ ಬಸ್ ಸ್ಟಾಪಿನಿಂದ ಮರಳಿ ಬಂದು ಡಬ್ಬಕ್ಕೆ ನೀರು ಹಾಕುತ್ತಿದ್ದೆ. ಪಕ್ಕದ ತಮ್ಮ ಹಿಂದಿನ ಕಿಟಕಿಯಿಂದ ಬಗ್ಗಿ ಶೀನಪ್ಪನವರು ಹಲ್ಲುಜ್ಜುತ್ತ ನಿಂತಿದ್ದರು. ತಿಂಗಳುಗಳ ಮೇಲೆ ಬಾಯಿಬಿಟ್ಟರು.

"ಮಾಷ್ಟ್ರೆ, ನಾನು ಇಲ್ಲಿ ನಿಂತ ಮೇಲೆ ಇದು ಮೂರನೇದ್ದು. ದಿನಾ ಹೀಗೆಯಾ?"

"ದಿನಾ... ಇರಬಹುದು," ಎಂದೆ.

ಅವರು ನನ್ನನ್ನು ನೋಡಿದರು, ಹೊರಗೋಡೆಯಲ್ಲಿ ಇಳಿದಿದ್ದ ಹಸಿರು ಪಾಚಿಯನ್ನು ನೋಡಿದರು, ಬಾಯಿಯ ನೊರೆಯನ್ನು ಸಾವಕಾಶವಾಗಿ ಉಗುಳಿದರು. "ಹಾಕಿ ಆಗಿದೆ. ಹೋಗಿ," ಎಂದು ಕಿಟಕಿ ಮುಚ್ಚಿಕೊಂಡರು.

ಅವತ್ತು ತರಗತಿಯಲ್ಲಿ ಕಾರ್ಯಕಾರಣದ ಪಾಠ ಮಾಡುವಾಗ ನನ್ನ ದನಿ ನನಗೇ ಕೇಳಿಸಲಿಲ್ಲ. ಶಾಂತಾಳನ್ನು ಉಳಿಸಿಕೊಳ್ಳಲು ಮೋರಿ ಒಡೆಯಬೇಕಾಗಿರಲಿಲ್ಲ. ನನ್ನ ಕೈಯಿಂದ ಲೋಟ ಕಸಿದುಕೊಂಡಿದ್ದರೆ ಸಾಕಾಗಿತ್ತು. ಗಿಡವನ್ನು ಕಿತ್ತೆಸೆಯೋಣವೆಂದರೆ, ಬಂದವಳು ಮೊದಲು ಕೇಳುವುದು ಗಿಡ ಎಲ್ಲಿ ಎಂದೇ. ನೀರೆಲ್ಲ ನನ್ನದೇ ಎಂದು ತಿಳಿಸಿ ಕರೆಸೋಣವೆಂದರೆ, ಒಬ್ಬ ಮನುಷ್ಯನ ಒಂದು ಬೆಳಗಿನ ಸಾಕ್ಷಿಯ ಮೇಲೆ ಹಾಗೆ ನಿರ್ಧರಿಸುವುದು ಶಾಸ್ತ್ರಸಮ್ಮತವಲ್ಲ. ಮೊದಲು ಖಾತ್ರಿಯಾಗಬೇಕು. ಅದಕ್ಕೆ ಮತ್ತೊಂದು ಪ್ರಯೋಗ ಹೂಡಿದೆ: ದಿನಕ್ಕೆ ಒಂದೇ ಲೋಟ, ಗಿಡವೂ ಉಳಿಯಲಿ, ಗೋಡೆ ಒಣಗಿದರೆ ಶಾಂತಾಗೆ ತಂತಿ. ಇವತ್ತು ಬೆಳಿಗ್ಗೆ ಶುರು ಮಾಡಿದೆ. ಬೀಗ ಹಾಕಿದೆ, ಬಸ್ ಸ್ಟಾಪಿಗೆ ಬಂದೆ, ಆ ಒಂದು ಲೋಟ ಹಾಕಿದೆನೋ ಇಲ್ಲವೋ ಎಂದು ಯೋಚಿಸುತ್ತ ನಿಂತೆ, ಬಸ್ಸು ಹೋಯಿತು, ಮರಳಿ ಬಂದೆ. ಮಣ್ಣು ಮುಟ್ಟಿದೆ, ಒದ್ದೆಯಿತ್ತು, ಆದರೆ ಅದು ನಿನ್ನೆಯ ಒದ್ದೆಯೂ ಆಗಿರಬಹುದು. ಎಲೆ ಮುಟ್ಟಿದೆ, ಒಣಗಿತ್ತು, ಆದರೆ ಈ ಎಲೆ ಯಾವತ್ತು ಒದ್ದೆಯಾಗಿತ್ತು? ಶೀನಪ್ಪನವರ ಕಿಟಕಿ ಮುಚ್ಚಿತ್ತು. ಒಲೆಯ ಕಡೆ ಒಂದು ಗಳಿಗೆ ಕಿವಿಗೊಟ್ಟು ನಿಂತೆ. ಆಮೇಲೆ, ಶಾಂತಾಳ ಗಿಡ ಒಣಗಬಾರದೆಂದು, ಒಂದು ಲೋಟ ಹಾಕಿದೆ.